ಉಪ್ಪಿಗೊಂದು ಮರಿಗೆ

ಅಡುಗೆಮನೆಯಲ್ಲಿ ಮರದ ಸಾಮಾನಿಗೆ ಮರ್ಯಾದೆಯಿದ್ದ ಕಾಲದಲ್ಲಿ ಹುಟ್ಟಿದವನು ನಾನು. ಕಡಗೋಲು, ತುರಿಮಣೆ, ಶ್ಯಾವಿಗೆ ಒರಳು, ಒಲೆಯ ಪಕ್ಕದಲ್ಲಿ ಕಪ್ಪಗೆ ಮಿರುಗುವ ಉಪ್ಪಿನ ಮರಿಗೆ. ಮಲೆನಾಡಿನ ಮಳೆಗಾಲದಲ್ಲಿ ಹರಳುಪ್ಪು ನೀರು ಬಿಡುತ್ತದೆ, ಲೋಹದ ಪಾತ್ರೆಯನ್ನು ತಿಂದುಹಾಕುತ್ತದೆ. ಮರಿಗೆಯ ಹತ್ತಿರ ಮಾತ್ರ ಅದರ ಆಟ ನಡೆಯುತ್ತಿರಲಿಲ್ಲ. ಅಜ್ಜಿ ಅತ್ತ ತಿರುಗಿಯೂ ನೋಡದೆ ಕೈಹಾಕಿ, ಬಂದಷ್ಟು ಉಪ್ಪು ತೆಗೆದು ಸಾರಿಗೆ ಹಾಕುತ್ತಿದ್ದಳು. ಸಾರು ಒಂದು ದಿನವೂ ಉಪ್ಪುಪ್ಪಾದದ್ದು ನೆನಪಿಲ್ಲ.

ಆಮೇಲೆ ಸ್ಟೀಲು ಬಂತು, ಅದರ ಬೆನ್ನಿಗೆ ಪ್ಲಾಸ್ಟಿಕ್ಕು ಬಂತು. ಮರಿಗೆ ಅಟ್ಟ ಸೇರಿತು. ಮನೆ ಹಿಸ್ಸೆಯಾದಾಗ ಅದು ಯಾರ ಪಾಲಿಗೂ ಬರಲಿಲ್ಲ. ಪಾಲುಪಟ್ಟಿಯಲ್ಲಿ ಅಡಿಕೆ ಮರಗಳ ಲೆಕ್ಕವಿತ್ತು, ಹಿತ್ತಾಳೆ ಹಂಡೆಗಳ ಲೆಕ್ಕವಿತ್ತು, ಮರಿಗೆಯ ಸುದ್ದಿಯೇ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಅಂಥದ್ದೇ ಒಂದನ್ನು ಕಂಡದ್ದು ಒಂದು ರೆಸಾರ್ಟಿನ ಸ್ವಾಗತದ ಮೇಜಿನ ಮೇಲೆ. ಅದರ ಹೊಟ್ಟೆಯಲ್ಲಿ ವಿಸಿಟಿಂಗ್ ಕಾರ್ಡುಗಳಿದ್ದವು. ಸುಮ್ಮನೆ ಒಮ್ಮೆ ಸವರೋಣವೆಂದು ಕೈ ಚಾಚಿದೆ. "ಸಾರ್, ಪ್ಲೀಸ್, ಮುಟ್ಟಬೇಡಿ, ಆಂಟಿಕ್ ಪೀಸು" ಎಂದಳು ಕುರ್ಚಿಯಲ್ಲಿದ್ದ ಹುಡುಗಿ. ನನಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸಿರಬಹುದು. ನನ್ನನ್ನು ಯಾರಾದರೂ ಹೀಗೆ ಕಾಪಾಡಿದ್ದುಂಟೇ?

ಬ್ಯಾಂಕಿನಿಂದ ನಿವೃತ್ತನಾಗಿದ್ದೆ, ಹೊತ್ತು ಬೇಕಾದಷ್ಟಿತ್ತು. ನಾನೇ ಒಂದು ಮಾಡಿದರಾಯಿತು ಎನಿಸಿತು. ಹಳೆಯ ಮರಿಗೆಗಳನ್ನು ಆಚಾರರು ಉಳಿಯಿಂದ ತೋಡಿ ತೋಡಿ ಮಾಡುತ್ತಿದ್ದರು. ಅಷ್ಟು ತಾಳ್ಮೆ ನನಗಿಲ್ಲ. ಲೇತಿನಲ್ಲಾದರೆ ಮರ ತಾನಾಗಿ ತಿರುಗುತ್ತದೆ, ನಾವು ಉಳಿ ಹಿಡಿದು ಕೂತರೆ ಸಾಕು. ಹಾಗೆಂದು ತಿಳಿದು ಚನ್ನಪಟ್ಟಣಕ್ಕೆ ಹೊರಟೆ.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಮೈಸೂರಿಗೆ ಹೋಗುವವರೆಲ್ಲ ಒಂದು ಕಾಲದಲ್ಲಿ ಇಲ್ಲಿ ಗಾಡಿ ನಿಲ್ಲಿಸಿ ಮಕ್ಕಳಿಗೊಂದು ಕುದುರೆಯನ್ನೋ ಗಿಲಕಿಯನ್ನೋ ಕೊಳ್ಳುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಗಾಡಿಗಳು ಊರಿನ ಹೊರಗಿಂದಲೇ ಹಾರಿಹೋಗುತ್ತವೆ, ರಸ್ತೆಬದಿಯ ಅಂಗಡಿಗಳಲ್ಲಿ ಗೊಂಬೆಗಳು ಸಾಲಾಗಿ ನಿಂತು ರಸ್ತೆ ನೋಡುತ್ತಿರುತ್ತವೆ. ಲೇತಿನಲ್ಲಿ ಗೊಂಬೆ ಮಾಡುವ ಈ ಕಸುಬನ್ನು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಬೆಳೆಸಿದನೆಂದು ಊರಿನ ಮಾತು. ಅಂದಿನಿಂದ ಇಂದಿನವರೆಗೆ ನನ್ನಷ್ಟು ತಡವಾಗಿ ಕಲಿಯಲು ಬಂದವರು ಯಾರೂ ಇರಲಿಕ್ಕಿಲ್ಲ.

ಪರಿಚಯದವರು ಗೊತ್ತುಮಾಡಿಕೊಟ್ಟ ಗುರುಗಳು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮನೆಯ ಮುಂದಿನ ಶೆಡ್ಡಿನಲ್ಲಿ ಲೇತು, ಮೂಲೆಯಲ್ಲಿ ಒಣಗಿದ ಆಲೆಮರದ ತುಂಡುಗಳ ರಾಶಿ. ಆಲೆ ಎಂದರೆ ಕಡಿದರೆ ಹಾಲು ಸುರಿಸುವ ಮರ. ಒಳಗಿನ ತಿರುಳು ದಂತದ ಬಣ್ಣ, ಎಳೆ ಅಷ್ಟು ಸಣ್ಣ. ನನ್ನ ಯೋಜನೆಯನ್ನು ಕೇಳಿದ ಗುರುಗಳು, "ಮೊದಲು ಬುಗುರಿ ಮಾಡಿ ಸಾರ್, ಎಲ್ಲಾರೂ ಅಲ್ಲಿಂದಲೇ ಶುರು ಮಾಡೋದು" ಎಂದರು. ಸಾಲ ಮಂಜೂರು ಮಾಡುತ್ತಿದ್ದವನು ಬುಗುರಿ ಮಾಡುವುದೇ? ಇರುವುದರಲ್ಲೇ ದಪ್ಪನೆಯ ತುಂಡೊಂದನ್ನು ಆರಿಸಿಕೊಂಡೆ. ಅವರು ಅದರ ಒಂದು ತುದಿಯನ್ನು ಲೇತಿನ ಬಾಯಿಗಿಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ, ಗುಂಡಿ ಒತ್ತಿದರು.

ಲೇತು ಓಡಿದಾಗ ಮರದ ತುಂಡು ಮರದಂತೆ ಕಾಣುವುದಿಲ್ಲ. ಅದರ ಗಂಟು, ಸೊಟ್ಟ, ತೊಗಟೆಯ ಚೂರು ಎಲ್ಲ ಮಾಯವಾಗಿ ಬರೀ ಮಸುಕಾದ ನೆರಳೊಂದು ಗಾಳಿಯಲ್ಲಿ ನಿಂತಿರುತ್ತದೆ. ಆ ನೆರಳಿಗೆ ಉಳಿ ತಾಗಿಸಬೇಕು. ತಾಗಿಸಿದೆ. ಟಕಟಕಟಕ ಎಂದು ಮೊಣಕೈಯವರೆಗೂ ನಡುಕ ಹತ್ತಿತು. "ಗಟ್ಟಿಯಾಗಿ ಹಿಡೀಬೇಡಿ ಸಾರ್, ಅದೇನು ಓಡಿಹೋಗಲ್ಲ" ಎಂದರು. ಸಡಿಲ ಹಿಡಿದರೆ ಉಳಿ ನಿಜಕ್ಕೂ ಓಡಿಹೋಯಿತು.

ಗುರುಗಳು ನನ್ನ ಪಕ್ಕದಲ್ಲಿ ನಿಲ್ಲುತ್ತಲೂ ಇರಲಿಲ್ಲ. ಒಳಗೆ ಒಗ್ಗರಣೆ ಹಾಕುತ್ತ, ಬರೀ ಶಬ್ದ ಕೇಳಿಯೇ ಪಾಠ ಹೇಳುತ್ತಿದ್ದರು. "ಉಳಿ ಅಳ್ತಾ ಇದೆ ಸಾರ್, ಹಿಡಿ ಸ್ವಲ್ಪ ಕೆಳಗೆ ಮಾಡಿ." ಮಾಡಿದೆ. ಅಲ್ಲಿಯವರೆಗೆ ರವೆಯಂತೆ ಉದುರುತ್ತಿದ್ದ ಹೊಟ್ಟು ಒಮ್ಮೆಲೇ ಸುರುಳಿ ಸುರುಳಿಯಾಗಿ ಎದ್ದು, ನನ್ನ ಮುಂಗೈ ಮೇಲಿಂದ ಹಾದು ತೊಡೆಯ ಮೇಲೆ ಬಿತ್ತು. ಉಳಿಯ ಬಾಯಿ ಕುತ್ತುವುದನ್ನು ಬಿಟ್ಟು ಸಿಪ್ಪೆ ಸುಲಿಯತೊಡಗಿದರೆ ಹೀಗಾಗುತ್ತದಂತೆ. ಮೂವತ್ತೈದು ವರ್ಷ ಬ್ಯಾಂಕಿನ ಲೆಡ್ಜರುಗಳಲ್ಲಿ ನಾನು ಇಂಥದ್ದೇನನ್ನೂ ಹುಟ್ಟಿಸಿರಲಿಲ್ಲ. ಒಂದು ಸುರುಳಿಯನ್ನು ಯಾರಿಗೂ ಕಾಣದಂತೆ ಜೇಬಿಗೆ ಸೇರಿಸಿದೆ.

ತೊಂದರೆಯೆಂದರೆ ಸುರುಳಿ ಬಂದಷ್ಟೂ ಮರಿಗೆ ಕರಗುತ್ತದೆ. ಅಲ್ಲೊಂದು ಗೀರು, ಅದನ್ನು ಅಳಿಸಲು ಇನ್ನೊಂದು ಸುತ್ತು. ಅದರಿಂದ ಪಕ್ಕದಲ್ಲೊಂದು ಹಳ್ಳ, ಅದನ್ನು ಸರಿಪಡಿಸಲು ಮತ್ತೊಂದು. ಸೇರು ಉಪ್ಪು ಹಿಡಿಯಬೇಕಾಗಿದ್ದದ್ದು ಪಾವಿಗೆ ಇಳಿಯಿತು, ಪಾವಿನಿಂದ ಚಟಾಕಿಗೆ ಬಂತು.

ಹೊಟ್ಟೆ ತೋಡುವುದು ಅದಕ್ಕಿಂತ ಫಜೀತಿ. ಕಾಂಡದ ಉದ್ದಕ್ಕೆ ಎಳೆ ಓಡುವ ತುಂಡಾದ್ದರಿಂದ ನಡುವಿನಿಂದ ಅಂಚಿನ ಕಡೆಗೆ ತೋಡುತ್ತ ಬರಬೇಕು. ಆಗ ಒಂದು ವಿಚಿತ್ರ ಕಂಡೆ. ಲೇತು ಎಷ್ಟೇ ಜೋರಾಗಿ ಸುತ್ತಲಿ, ನಟ್ಟನಡುವಿನ ಬಿಂದು ಇದ್ದಲ್ಲೇ ಇರುತ್ತದೆ. ತಿರುಗದ ಮರವನ್ನು ಉಳಿ ಕೊಯ್ಯುವುದು ಹೇಗೆ? ಸುತ್ತ ಎಲ್ಲ ನುಣ್ಣಗಾದರೂ ತಳದಲ್ಲಿ ಒಂದು ಮೊಳಕೆ ತಲೆಯೆತ್ತಿಕೊಂಡೇ ಉಳಿಯಿತು. ಸುತ್ತಲಿನವರೆಲ್ಲ ಓಡಾಡಿ ಸವೆಯುತ್ತಿದ್ದರೂ ನಡುವೆ ಅಲುಗಾಡದೆ ಕೂತಿರುವ ಇಂಥ ಮಹನೀಯರು ನನ್ನ ಶಾಖೆಯಲ್ಲೂ ಇದ್ದರು; ಅವರನ್ನೂ ಕೊನೆಯವರೆಗೆ ಯಾರೂ ಏನೂ ಮಾಡಲಾಗಲಿಲ್ಲ. ಗುರುಗಳು ಬಂದು, ಉಳಿಯ ಮೂಲೆಯನ್ನು ತೀರಾ ಮೆಲ್ಲಗೆ ಒತ್ತಿ ಮೊಳಕೆಯನ್ನು ಎಗರಿಸಿದರು. ಇನ್ನೂ ಸ್ವಲ್ಪ ಆಳ ಮಾಡೋಣವೆಂದು ನಾನು ಮುಂದಾದೆ. "ಸಾಕು ಸಾರ್. ಇನ್ನು ಮುಟ್ಟಿದ್ರೆ ಬಳೆ ಆಗುತ್ತೆ."

ಕೊನೆಗೆ ಬಣ್ಣ. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ಗರಿಯ ತುಂಡೊಂದನ್ನು ಮಡಚಿ ಹಿಡಿದರೆ ಪಟ್ಟೆ ಪಟ್ಟೆಯಾಗಿದ್ದ ಕೆಂಪು ನೋಡುತ್ತಿದ್ದಂತೆ ಒಂದಾಗಿ, ಅದರಲ್ಲಿ ಶೆಡ್ಡಿನ ಬಾಗಿಲು ಕಾಣತೊಡಗುತ್ತದೆ. ನನಗೆ ಬಣ್ಣ ಬೇಡವಾಗಿತ್ತು. "ಚನ್ನಪಟ್ಟಣಕ್ಕೆ ಬಂದು ಬೋಳು ಮರ ತಗೊಂಡು ಹೋಗ್ತೀರಾ?" ಎಂದರು. ಹೊರಗೆ ಕೆಂಪಾಯಿತು, ಒಳಗೆ ಬಿಳಿಯಾಗಿಯೇ ಉಳಿಸಿಕೊಂಡೆ. ಬಿಸಿ ಪದಾರ್ಥ ಹಾಕಬೇಡಿ, ಅರಗು ಮೆತ್ತಗಾಗುತ್ತೆ ಎಂದು ಎಚ್ಚರಿಸಿದರು. ಅದರ ಗಾತ್ರಕ್ಕೆ ಆ ಎಚ್ಚರಿಕೆ ಹೆಚ್ಚೇ ಆಯಿತು.

ಮನೆಯಲ್ಲಿ ಹೆಂಡತಿ ಅದನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದಳು. "ಚೆನ್ನಾಗಿದೆ ಕಣ್ರೀ. ಏನಿದು?"

"ಮರಿಗೆ. ಉಪ್ಪಿಗೆ."

"ಯಾರ ಮನೆ ಉಪ್ಪಿಗೆ?"

ಆದರೂ ಅದು ಷೋಕೇಸು ಸೇರಲಿಲ್ಲ. ಊಟದ ಮೇಜಿನ ಮೇಲೆ, ಮೊಸರನ್ನಕ್ಕೆ ಮೇಲುಪ್ಪು ಬೇಕೆನ್ನುವವರಿಗಾಗಿ ಕೂತಿದೆ. ಬಂದವರು ಕೇಳಿದರೆ "ನಮ್ಮನೆಯವರು ಕಡೆದದ್ದು" ಎನ್ನುತ್ತಾಳೆ, ನಾನು ಬೆಣ್ಣೆ ಕಡೆದೆನೋ ಎಂದು ಅವರು ನನ್ನ ಮುಖ ನೋಡುತ್ತಾರೆ. ಇತ್ತೀಚೆಗೆ ಅವಳದ್ದೇ ಹೊಸ ಬೇಡಿಕೆ: ಇರುವೆ ಬರುತ್ತವೆ, ಇದಕ್ಕೊಂದು ಮುಚ್ಚಳ ಬೇಕು. ಉಪ್ಪಿಗೆ ಯಾವ ಇರುವೆ ಬರುತ್ತದೆಂದು ನಾನು ಕೇಳಲು ಹೋಗಲಿಲ್ಲ. ಮತ್ತೆ ಹೋಗಿಬರಲು ಒಂದು ನೆಪ ನನಗೂ ಬೇಕಾಗಿತ್ತು. ಗುರುಗಳಿಗೆ ಫೋನು ಮಾಡಿದೆ.

"ಮುಚ್ಚಳಾನಾ?" ನಕ್ಕರು. "ಅದು ಬಟ್ಟಲಿಗಿಂತ ಕಷ್ಟ ಸಾರ್. ಮರ ಮಳೇಲಿ ಉಬ್ಬುತ್ತೆ, ಬಿಸಿಲಲ್ಲಿ ಕುಗ್ಗುತ್ತೆ. ಈಗ ಸರಿಯಾಗಿ ಕೂತಿದ್ದು ಶ್ರಾವಣದಲ್ಲಿ ಬಿಡಿಸೋಕೆ ಬರಲ್ಲ."

"ಹಾಗಾದರೆ ಮಳೆಗಾಲದಲ್ಲೇ ಬಂದು ಮಾಡಲಾ, ಬೇಸಗೆಯಲ್ಲಾ?"

"ಬುಗುರಿ ಮಾಡೋದಾದ್ರೆ ಯಾವಾಗ ಬೇಕಾದ್ರೂ ಬನ್ನಿ" ಎಂದರು.