ಚಿತ್ರಕ್ಕೆ ಮುನ್ನ ಮಾತು



ನನಗೆ ಛಂದಸ್ಸು, ಗಮಕಗಳನ್ನು ಧಾರೆಯೆರೆದ ಗುರುಗಳಿಗೆ 2022ರಲ್ಲಿ ಎಂಬತ್ತಾರು ವರ್ಷ. ಅವರು ವಾಚಿಸುತ್ತಿದ್ದ ರಾಘವಾಂಕನ ಹರಿಶ್ಚಂದ್ರಕಾವ್ಯದ ಷಟ್ಪದಿಗಳು ಅವರ ಕಂಠದೊಡನೆಯೇ ಅಡಗಬಾರದೆಂದು, ವಿಡಿಯೋ ಚಿತ್ರೀಕರಣಕ್ಕಾಗಿ ಪಟ್ಟಣದ ತರುಣನೊಬ್ಬನನ್ನು ಗೊತ್ತುಮಾಡಿದೆ. ಪದ್ಯಗಳ ಪಟ್ಟಿಯನ್ನು ಅವನ ಕೈಗಿತ್ತು, ಎರಡು ಗಂಟೆಯೊಳಗೆ ಮುಗಿಸಬೇಕೆಂದೂ ವಿಧಿಸಿದೆ.

ಮೊದಲ ದಿನ ಅವನು ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯಲೇ ಇಲ್ಲ. ಗುರುಗಳೆದುರು ಚಾಪೆಯ ಮೇಲೆ ಕುಳಿತು ಮಜ್ಜಿಗೆ ಕುಡಿದ. ಅವರು ಯಾರಲ್ಲಿ ಓದಿದರು, ಮೊದಲು ಕಲಿತ ಪದ್ಯ ಯಾವುದು ಎಂದು ವಿಚಾರಿಸಿದ. ಕೊನೆಗೆ, "ಅಜ್ಜಾರ, ನಿಮ್ಮ ದನಿ ಯಾವ ಹೊತ್ತಿನ್ಯಾಗ ಚೊಲೊ ಇರ್ತದ್ರಿ?" ಎಂದು ಕೇಳಿದ. "ನಸುಕಿನ್ಯಾಗ, ತಮ್ಮಾ" ಎಂದರು ಗುರುಗಳು. ಮೂವತ್ತು ವರ್ಷಗಳಿಗೂ ಮಿಕ್ಕಿ ಅವರ ಶಿಷ್ಯನಾಗಿದ್ದ ನಾನು ಒಮ್ಮೆಯೂ ಇದನ್ನು ಕೇಳಿರಲಿಲ್ಲ. ಒಂದು ದಿನ ವ್ಯರ್ಥವಾಯಿತೆಂದು ಗೊಣಗಿದ್ದಷ್ಟೇ ನನ್ನ ಪಾಲಿನ ಕೆಲಸ.

ಮರುದಿನ ಅವನು ನಸುಕಿನಲ್ಲೇ ಬಂದ. ಗೋಡೆಯ ಗಡಿಯಾರದ ಸದ್ದು ಮೈಕಿಗೆ ಬೀಳದಿರಲೆಂದು ಗುರುಗಳ ಅನುಮತಿ ಪಡೆದು ಅದನ್ನು ಒಳಗಿರಿಸಿದ. ಗುಂಡಿಯಷ್ಟು ಚಿಕ್ಕ ಮೈಕನ್ನು ಮೊದಲು ಅವರ ಅಂಗೈಯಲ್ಲಿಟ್ಟು ತೋರಿಸಿ, ಅನಂತರ ಶಾಲಿಗೆ ಸಿಕ್ಕಿಸಿದ. ಕ್ಯಾಮೆರಾವನ್ನು ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಿಟಕಿಯಲ್ಲಿ ಬೆಳಕು ಮೂಡುವವರೆಗೆ ಕಾದ.

ನಾಲ್ಕನೆಯ ಪದ್ಯದ ನಡುವೆ ಗುರುಗಳು ತಡೆದರು. ಮುಂದಿನ ಸಾಲು ಹೊಳೆಯಲಿಲ್ಲ. ಎತ್ತಿಕೊಡಲು ನಾನು ಬಾಯಿ ತೆರೆದೆ. ತರುಣ ಕೈಸನ್ನೆಯಿಂದ ನಿಲ್ಲಿಸಿದ. ಗಮಕಕ್ಕೆ ತಾಳದ ಕಟ್ಟಿಲ್ಲವಷ್ಟೆ. ಕಾಯುವುದಕ್ಕೆ ಅಲ್ಲಿ ಎಡೆಯುಂಟು. ಗುರುಗಳು ಕಣ್ಮುಚ್ಚಿದರು, ನಸುನಕ್ಕರು, ಪದ್ಯವನ್ನು ಮೊದಲಿನಿಂದ ಎತ್ತಿಕೊಂಡು ನಿರರ್ಗಳವಾಗಿ ಮುಗಿಸಿದರು.

ವಾರದ ಬಳಿಕ ಅವನು ಚಿತ್ರವನ್ನು ಮೊದಲು ಅವರಿಗೇ ತೋರಿಸಿ, "ಆ ನಿಂತ ಜಾಗಾ ತಗದುಹಾಕ್ಲೇನ್ರಿ, ಅಜ್ಜಾರ?" ಎಂದ. ತೆಗೆಯಬೇಕೆಂದು ನಾನು ಹೇಳಿದೆ. ಗುರುಗಳು, "ಇರ್ಲಿ ಬಿಡು. ಮರ್ತಾಂವನೂ ನಾನ, ನೆನಸ್ಕೊಂಡಾಂವನೂ ನಾನ" ಎಂದರು. ಹಣ ತೆರುವವನು ನಾನಾಗಿದ್ದರೂ ಅವನು ನಡೆಸಿದ್ದು ಅವರ ಮಾತನ್ನೇ.

ಅದೇ ವರ್ಷ ದೀಪಾವಳಿಗೆ ಮುನ್ನ ಗುರುಗಳು ಲಿಂಗೈಕ್ಯರಾದರು. ಇಂದು ಆ ಚಿತ್ರವನ್ನು ನೋಡುವಾಗ ಮನೆಯವರೆಲ್ಲ ಕಾದಿರುವುದು ಆ ಮೌನಕ್ಕೆ, ಆ ನಗೆಗೆ.

ಮೈಸೂರಿನ ಹಿರಿಯ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಜನಸಾಮಾನ್ಯರೂ ಮಕ್ಕಳೂ ತಾವು ತಾವಾಗಿಯೇ ಇರುವುದನ್ನು ಕಂಡು ಹಿಂದೆ ಬೆರಗಾಗಿದ್ದೆ. ಅಂಥ ಚಿತ್ರದ ಗುಟ್ಟು ಬಹುಪಾಲು ತೆಗೆಯುವವನ ನಡತೆಯಲ್ಲಿದೆಯೆಂಬುದು ಈ ತರುಣನಿಂದ ನನಗೆ ಮನವರಿಕೆಯಾಯಿತು.

ಮಗು ಪದ್ಯವನ್ನೊಪ್ಪಿಸುತ್ತ ತಡೆದಾಗ ಥಟ್ಟನೆ ಎತ್ತಿಕೊಡುವುದೇ ಅಧ್ಯಾಪಕನ ಧರ್ಮವೆಂದು ಬಹುಕಾಲ ನಂಬಿದ್ದೆ. ಎಷ್ಟು ಮಕ್ಕಳ ನೆನಪಿಗೆ ಅವಸರದಿಂದ ಅಡ್ಡ ಬಂದೆನೋ! ಈಗ ಸುಮ್ಮನೆ ನಿಲ್ಲುತ್ತೇನೆ. ಅನೇಕ ವೇಳೆ ಮುಂದಿನ ಸಾಲನ್ನು ಮಗುವೇ ಹೇಳುತ್ತದೆ.