ಉಪ್ಪು ನೀರೊಡೆದ ದಿನ ಫಾಂಡೆಂಟ್ ಬೇಡ

ಅಳತೆ ಅದೇ, ಕೈಯೂ ಅದೇ. ಆದರೆ ಮಾಗಿಯಲ್ಲಿ ಮಾಡಿದ ಫಾಂಡೆಂಟ್ ಕೇಕಿನ ಅಂಚಿನಲ್ಲಿ ಬಿರುಕು ಬಿಡುತ್ತದೆ, ಆರಿದ್ರಾ ಮಳೆಯಲ್ಲಿ ಮಾಡಿದ್ದು ಬೆಳಗಾಗುವುದರೊಳಗೆ ಬೆವೆತು ಅಂಟಂಟಾಗುತ್ತದೆ. ಮನೆಯಲ್ಲೇ ಕೇಕ್ ಮಾಡಿಕೊಡುವ ಅತ್ತಿಗೆ ಎರಡಕ್ಕೂ ಐಸಿಂಗ್ ಶುಗರನ್ನೇ ಬೈಯುತ್ತಾರೆ. ನನಗೆ ಕೇಕ್ ಮಾಡಲು ಬಾರದು, ಪಕ್ಕದಲ್ಲಿ ಕೂತು ನೋಡಲು ಬರುತ್ತದೆ.

ಅವರ ಲೆಕ್ಕ: ಐಸಿಂಗ್ ಶುಗರ್ 900 ಗ್ರಾಂ, ಜೆಲಟಿನ್ 10 ಗ್ರಾಂ, ನೀರು ಕಾಲು ಕಪ್, ಲಿಕ್ವಿಡ್ ಗ್ಲೂಕೋಸ್ ಅರ್ಧ ಕಪ್, ತಿನ್ನಲು ಬಳಸುವಂಥ ಗ್ಲಿಸರಿನ್ ಒಂದು ದೊಡ್ಡ ಚಮಚ, ಡಾಲ್ಡಾ ಎರಡು ಚಮಚ. ನಾದಿ, ಮೇಲೆ ಡಾಲ್ಡಾ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಒಂದು ರಾತ್ರಿ ಬಿಡಬೇಕು. ಇಷ್ಟು ಸಕ್ಕರೆಗೆ ನೀರು ಕಾಲೇ ಕಪ್ಪು! ಹಾಗಿದ್ದ ಮೇಲೆ ಚಮಚ ನೀರು ಹೆಚ್ಚಾದರೂ ಕೆಡಬೇಕಾದದ್ದೇ. ನಮ್ಮಲ್ಲಿ ಆ ಹೆಚ್ಚಿನ ಚಮಚವನ್ನು ಕೈ ಹಾಕುವುದಿಲ್ಲ, ಗಾಳಿ ಹಾಕುತ್ತದೆ.

ನಮ್ಮ ಆನಂದಪುರ ಸಾಗರ ತಾಲ್ಲೂಕಿನ ಮೂಡಲ ಸೆರಗು. ಹೊಸನಗರದ ಕಡೆಯ ನೆಂಟರು ಇಲ್ಲಿಯದನ್ನು ಮಳೆಯೆಂದೇ ಒಪ್ಪುವುದಿಲ್ಲ. ಅವರಿಗೆ ಹುಲಿಕಲ್ಲಿನದು ಮಳೆ. ತೀರ್ಥಹಳ್ಳಿಯವರಿಗೆ ಆಗುಂಬೆಯದು. ಸಕ್ಕರೆ ಕರಗುವುದಕ್ಕೆ ಮಾತ್ರ ನಮ್ಮ ಮಳೆ ಧಾರಾಳವಾಗಿ ಸಾಕು.

ಈಚೆಗೆ ಗಮನಿಸಿದ್ದು: ಫಾಂಡೆಂಟ್ ಬೆವರುವ ದಿನ ಅಮ್ಮನ ಉಪ್ಪಿನ ಮರಿಗೆಯೂ ನೀರೊಡೆದಿರುತ್ತದೆ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಬರೀ ಸಕ್ಕರೆ ಸುಮಾರು 85ರವರೆಗೂ ತಡೆದುಕೊಳ್ಳುತ್ತದೆ. ಹಾಗಾದರೆ ಸಕ್ಕರೆಯ ಡಬ್ಬಿ ಉದುರುದುರಾಗಿ ಇರುವಾಗಲೇ ಫಾಂಡೆಂಟ್ ಹೂವು ಯಾಕೆ ಅಂಟುತ್ತದೆ? ಅದರಲ್ಲಿರುವುದು ಬರೀ ಸಕ್ಕರೆಯಲ್ಲ. ಗ್ಲೂಕೋಸು, ಗ್ಲಿಸರಿನ್ ಎರಡೂ ನೀರಿನಾಸೆಯವು. ಮೆತ್ತಗಿರಲಿ ಎಂದು ನಾವೇ ಹಾಕಿದ್ದು, ಹಾಗಾಗಿ ಫಾಂಡೆಂಟ್ ಸಕ್ಕರೆಗಿಂತ ಮೊದಲೇ ಸೋಲುತ್ತದೆ. ಈಗ ಅತ್ತಿಗೆ ಮಳೆಗಾಲದಲ್ಲಿ ಗ್ಲಿಸರಿನ್ ಬಿಟ್ಟಿದ್ದಾರೆ, ಹೂವು ಗಟ್ಟಿಯಾಗಲೆಂದು ಕಾಲು ಕಿಲೋ ಫಾಂಡೆಂಟಿಗೆ ಒಂದು ಸಣ್ಣ ಚಮಚ ಸಿಎಂಸಿ ಪುಡಿ ನಾದುತ್ತಾರೆ. ಮರಿಗೆ ಒಣಗಿದ್ದರೆ ಗ್ಲಿಸರಿನ್ ವಾಪಸ್ಸು. ಅಮ್ಮನಿಗೆ ಇದೊಂದು ತಮಾಷೆ: "ಉಪ್ಪು ನೋಡಿ ಕೇಕ್ ಮಾಡೂದು ಎಂತ ಕರ್ಮ ಮಾರಾಯ್ತಿ!"

ಅಮ್ಮ ನಗಬಹುದು, ಅವರ ಸಕ್ಕರೆ ಅಚ್ಚು ಎಂದೂ ಬೆವರಿದ್ದಿಲ್ಲ. ಸಂಕ್ರಾಂತಿಯದು ಡಬ್ಬಿಯಲ್ಲಿದ್ದರೆ ಯುಗಾದಿಗೂ ಗಟ್ಟಿ. ನನ್ನ ತಲೆ ಕೆಡಿಸಿದ್ದು ಇದೇ: ಸಕ್ಕರೆಯೇ ಅದು, ಸಕ್ಕರೆಯೇ ಇದು. ಈ ಸಲ ಪಕ್ಕದಲ್ಲಿ ನಿಂತು ನೋಡಿದೆ. ಮರದ ಅಚ್ಚುಗಳನ್ನು ಮೊದಲೇ ನೀರಲ್ಲಿ ನೆನೆಹಾಕಿ, ಒರೆಸಿ, ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಪಾಕಕ್ಕೆ ಸ್ವಲ್ಪ ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದರು. ಆಮೇಲೆ ಒಂದೆರಡು ಸೌಟಿನಷ್ಟನ್ನೇ ಸಣ್ಣ ಪಾತ್ರೆಗೆ ಹಾಕಿ ಕಾಯಿಸುತ್ತ, ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ತಿಕ್ಕಿದರು. ತಿಳಿಯಾಗಿದ್ದ ಪಾಕ ನೋಡನೋಡುತ್ತಿದ್ದಂತೆ ಹಾಲುಬಣ್ಣಕ್ಕೆ ತಿರುಗಿತು. ಆ ಕ್ಷಣವೇ ಅಚ್ಚಿಗೆ ಹೊಯ್ಯಬೇಕು. ಉಸಿರು ತೆಗೆದುಕೊಳ್ಳುವಷ್ಟು ತಡವಾದರೂ ಪಾತ್ರೆಯಲ್ಲೇ ಕಲ್ಲು.

ತಿಕ್ಕುವುದು ಹರಳು ಕಟ್ಟಲೆಂದು. ಅತ್ತಿಗೆ ಗ್ಲೂಕೋಸ್ ಹಾಕುವುದು ಹರಳು ಕಟ್ಟದಿರಲೆಂದು. ಅತ್ತೆ ಸೊಸೆ ಒಂದೇ ಸಕ್ಕರೆಯನ್ನು ಎದುರುಬದುರು ದಿಕ್ಕಿಗೆ ಎಳೆಯುತ್ತಿದ್ದಾರೆ! ಹರಳಾದ ಸಕ್ಕರೆ ನೀರನ್ನು ಹೊರಗೇ ನಿಲ್ಲಿಸುತ್ತದೆ, ಲಟ್ಟಿಸಲು ಬರುವಂತೆ ಮೆತ್ತಗಿಟ್ಟ ಸಕ್ಕರೆಗೆ ಆ ತಾಕತ್ತಿಲ್ಲ. ಅಚ್ಚಿನ ಪಾಕಕ್ಕೆ ನಿಂಬೆರಸ ಹೆಚ್ಚಾಯಿತೋ, ಕೆಲಸ ಕೆಟ್ಟಿತು: ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸೂ ಫ್ರಕ್ಟೋಸೂ ಆಗಿ ಅಚ್ಚು ಜಿಗುಟಾಗುತ್ತದೆ. ತೊಡದೇವು ಮಳೆಗಾಲದಲ್ಲಿ ಡಬ್ಬಿಯಿಂದ ತೆಗೆದ ಸ್ವಲ್ಪ ಹೊತ್ತಿಗೇ ಮೆತ್ತಗಾಗುವುದೂ ಇದಕ್ಕೇ ಇರಬೇಕು. ಅದನ್ನು ಮಾಡುವ ಕಬ್ಬಿನ ಹಾಲಿನಲ್ಲಿ ಈ ಒಡೆದ ಸಕ್ಕರೆ ಮೊದಲೇ ಒಂದಿಷ್ಟು ಇರುತ್ತದೆ. ಆಲೆಮನೆಯ ಕಾಲವೂ ಸಂಕ್ರಾಂತಿಯೂ ಒಣಹವೆಗೇ ಬರುತ್ತವೆ, ಹುಟ್ಟುಹಬ್ಬಗಳು ಮಾತ್ರ ಪುನರ್ವಸು ಮಳೆಗೂ ಬರುತ್ತವೆ.

ಫಾಂಡೆಂಟಿಗೆ ಮಿಕ್ಸಿಯಲ್ಲಿ ಪುಡಿಮಾಡಿದ ಸಕ್ಕರೆ ಬೇಡ. ಎಷ್ಟು ಜರಡಿ ಹಿಡಿದರೂ ತರಿ ಉಳಿಯುತ್ತದೆ, ತೆಳ್ಳಗೆ ಲಟ್ಟಿಸುವಾಗ ಹರಿಯುತ್ತದೆ.

ಸಸ್ಯಾಹಾರಿ ಮನೆಗಳ ಆರ್ಡರಿಗೆ ಜೆಲಟಿನ್ ನಡೆಯುವುದಿಲ್ಲ. ಅದು ಮೂಳೆ, ಚರ್ಮದಿಂದ ತೆಗೆದದ್ದು. ಬದಲಿಗೆ ಚೈನಾ ಗ್ರಾಸ್ ಪುಡಿ, ತೂಕದಲ್ಲಿ ಮೂರನೇ ಒಂದು ಪಾಲು ಸಾಕು. ಆದರೆ ಸ್ವಭಾವವೇ ಬೇರೆ. ಜೆಲಟಿನ್ ಕುದಿಸಿದರೆ ಬಲ ಕಳೆದುಕೊಳ್ಳುತ್ತದೆ, ಇದು ಕುದಿಯದೆ ಕರಗುವುದೇ ಇಲ್ಲ. ಜೆಲಟಿನ್ ಎಳೆದರೆ ಎಳೆಯುತ್ತದೆ, ಇದು ಪಟ್ಟನೆ ಮುರಿಯುತ್ತದೆ. ಹಾಗಾಗಿ ಕೇಕಿನ ಮೂಲೆಯಲ್ಲಿ ಆನೆಯ ತೊಗಲಿನಂಥ ಸುಕ್ಕು. ಅತ್ತಿಗೆಯ ಉಪಾಯ: ಹಿಟ್ಟು ಉದುರಿಸಿ ಲಟ್ಟಿಸುವುದು ಬಿಟ್ಟು ಮಣೆಗೆ ಡಾಲ್ಡಾ ಸವರುವುದು. ಕಾರ್ನ್‌ಫ್ಲೋರ್ ಇದ್ದಬದ್ದ ತೇವ ಎಳೆದು ಬಿರುಕು ಹೆಚ್ಚಿಸುತ್ತಿತ್ತು.

ಡಾಲ್ಡಾ ಮುಗಿದ ಒಂದು ದಿನ ಕೊಬ್ಬರಿ ಎಣ್ಣೆ ಹಾಕಿದರು. ಅದು 24 ಡಿಗ್ರಿಯ ಆಸುಪಾಸು ಕರಗುವಂಥದ್ದು. ಪುಷ್ಯ ಮಾಸದ ಬೆಳಿಗ್ಗೆ ಉಂಡೆ ಕಲ್ಲಾಗಿತ್ತು, ಮಧ್ಯಾಹ್ನ ನಾದಲು ಬಂತು. ಇದು ಊರಿಗೆಲ್ಲ ಗೊತ್ತಿರುವ ಸಂಗತಿಯೇ, ಫಾಂಡೆಂಟಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಫ್ರಿಜ್ಜು. ಬೆವರುತ್ತದೆಂದು ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದಾಗ ಇನ್ನೂ ಹೆಚ್ಚು ಬೆವರುತ್ತದೆ. ತಣ್ಣನೆಯ ಮೈಗೆ ಗಾಳಿಯ ನೀರೆಲ್ಲ ಬಂದು ಕೂರುತ್ತದೆ. ರಟ್ಟಿನ ಡಬ್ಬಿ ಸಮೇತ ಹೊರಗಿಟ್ಟು, ಕೇಕ್ ಕೋಣೆಯ ಹದಕ್ಕೆ ಬರುವವರೆಗೆ ಮುಚ್ಚಳ ತೆರೆಯಬಾರದು. ಗಿರಾಕಿಗಳಿಗೆ ಇದನ್ನು ಹೇಳುವುದೇ ಕಷ್ಟ, ಮಕ್ಕಳಿರುವ ಮನೆಯಲ್ಲಂತೂ ಕೇಳುವವರಿಲ್ಲ. ಇನ್ನು ವಿಪ್ಪಿಂಗ್ ಕ್ರೀಮಿನ ಮೇಲೆ ಫಾಂಡೆಂಟ್ ಹೊದಿಸಿದರೆ ಒಳಗಿನಿಂದಲೂ ನೀರು. ಒಳಗೆ ಗನಾಶ್ ಇರಬೇಕು ಎಂದು ಅತ್ತಿಗೆ ಈಗ ಹಟ ಹಿಡಿಯುತ್ತಾರೆ. ಕ್ರೀಮೇ ಬೇಕೆಂದವರಿಗೆ ಹೂವನ್ನಷ್ಟೇ ಬೇರೆ ಡಬ್ಬಿಯಲ್ಲಿ ಕೊಟ್ಟು, ಕತ್ತರಿಸುವ ಮುಂಚೆ ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ.

ಹೊಸ ಒಗಟು: ಕಿಟಕಿ ಪಕ್ಕ ಒಣಗಲು ಇಟ್ಟ ನೇರಳೆ ಹೂವು ನೀಲಿಯಾಗಿದೆ. ಬಿಸಿಲಿಗಲ್ಲ, ಬರೀ ಬೆಳಕಿಗೆ. ನೇರಳೆ ಎಂದರೆ ಗುಲಾಬಿ ಬಣ್ಣ, ನೀಲಿ ಬಣ್ಣ ಸೇರಿದ್ದು. ಗುಲಾಬಿಯ ಪಾಲು ಬೆಳಕಿಗೆ ಬೇಗ ಮಾಸುತ್ತದೆ. ಮುಂದಿನದಕ್ಕೆ ಗುಲಾಬಿ ತುಸು ಹೆಚ್ಚು ಬೆರೆಸಿ, ಒಣಗಲು ಕತ್ತಲೆಯ ನಾಗಂದಿಗೆಯ ಮೇಲಿಟ್ಟಿದ್ದಾರೆ. ಈ ನೀಲಿ ಹೂವುಗಳನ್ನು ಎಸೆಯಲು ಮನಸ್ಸಿಲ್ಲ. "ಶಂಖಪುಷ್ಪ ಅಂತ ಹೇಳಿ ಕೊಟ್ಟರಾಯ್ತು ಬಿಡು" ಎಂದರು ಅತ್ತಿಗೆ.