ಹನ್ನೊಂದು ಕುಂಡ, ಒಂದೇ ಮರ

"ಬೋನ್ಸಾಯ್ ಅಂದ್ರೆ ಗಿಡಕ್ಕೆ ಹಿಂಸೆ ಅಲ್ವಾ ಮೇಷ್ಟ್ರೇ?" ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಪ್ರತಿವರ್ಷ ಯಾರಾದರೊಬ್ಬ ಪೋಷಕರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆಯೇ. ಬೋನ್ಸಾಯ್ ಎಂಬ ಜಪಾನೀ ಪದಕ್ಕೆ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ಚಿಗುರನ್ನೂ ಬೇರನ್ನೂ ಆಗಾಗ ಕತ್ತರಿಸುವುದರಿಂದ ಅದು ಗಿಡ್ಡವಾಗಿರುತ್ತದೆ, ಅಷ್ಟೆ. ಗೊಬ್ಬರ, ನೀರು, ಬಿಸಿಲು ಮಿಕ್ಕ ಗಿಡಗಳಂತೆಯೇ ಬೇಕು. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಎಲೆ ಜೋಲುತ್ತದೆ. ಕೆಲವರು ಮುಂದುವರಿದು ಇದನ್ನು ಮಕ್ಕಳನ್ನು ಬೆಳೆಸುವುದಕ್ಕೆ ಹೋಲಿಸತೊಡಗುತ್ತಾರೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ಗಿಡ ಗಿಡವೇ, ಮಕ್ಕಳು ಮಕ್ಕಳೇ.

ನನಗೆ ತಟ್ಟೆಗಿಂತ ಹೆಚ್ಚು ಕುತೂಹಲ ಕಡ್ಡಿಯ ಬಗ್ಗೆ. ಆಲ, ಅರಳಿ, ಅತ್ತಿ, ಬಸರಿ, ಹಣ್ಣಿನಂಗಡಿಯ ಅಂಜೂರ ಎಲ್ಲವೂ ಫೈಕಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಆಲ, ಬಸರಿ, ಅಂಜೂರಗಳ ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತವೆ. ಅರಳಿ ಮಾತ್ರ ಸ್ವಲ್ಪ ಹಟಮಾರಿ.

ನಮ್ಮ ಶಾಲೆಯ ಮುಂದಿನ ರಸ್ತೆ ಅಗಲವಾಗುತ್ತದೆಂದು 2018ರಲ್ಲಿ ಗೊತ್ತಾಯಿತು. ಗೇಟಿನೆದುರಿನ ಆಲದ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಿತ್ತು. ಮಕ್ಕಳು ಮನವಿ ಬರೆದರು, ಉತ್ತರ ಬರಲಿಲ್ಲ. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ಆ ಮರದಿಂದ 24 ಕಡ್ಡಿ ತೆಗೆದೆವು.

ವಿಧಾನ ಕಷ್ಟದ್ದಲ್ಲ, ಮನೆಯಲ್ಲೂ ಮಾಡಬಹುದು. ಹೆಬ್ಬೆರಳು ದಪ್ಪದ, ಗೇಣುದ್ದದ, ರೋಗವಿಲ್ಲದ ಕೊಂಬೆ ಆರಿಸಿಕೊಳ್ಳಿ. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಬಿಳಿ ಹಾಲು ಸುರಿಯುತ್ತದೆ. ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ನೀರಿನಲ್ಲಿ ತೊಳೆದು, ಸೋರುವುದು ನಿಂತ ಮೇಲೆ ನೆಡಿ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿ ಸಾಕಷ್ಟು ನೀರು ಹೀರಲಾರದು. ಎಲೆಯೋ ಆವಿ ಮಾಡುತ್ತಲೇ ಇರುತ್ತದೆ. ಆದಾಯವಿಲ್ಲದ ಮನೆಯಲ್ಲಿ ಖರ್ಚು ತಗ್ಗಿಸಿದ ಹಾಗೆ ಇದು. ಅರ್ಧ ಮರಳು, ಅರ್ಧ ಗೊಬ್ಬರದ ಮಣ್ಣು, ನೆರಳು, ಮೇಲೊಂದು ಪ್ಲಾಸ್ಟಿಕ್ ಚೀಲ. ಒಂದೂವರೆ ತಿಂಗಳು ಮುಟ್ಟಬಾರದು. ಬೇರು ಬಂತೇ ಎಂದು ದಿನಾ ಕಿತ್ತು ನೋಡುವ ಒಬ್ಬ ಪ್ರತಿ ತರಗತಿಯಲ್ಲೂ ಇರುತ್ತಾನೆ!

ನಾಲ್ಕು ಕಡ್ಡಿಗಳನ್ನು ಬೇಕೆಂದೇ ತಲೆಕೆಳಗಾಗಿ ನೆಡಿಸಿದೆ. ಅವು ಒಣಗಿದವು. ಚಿಗುರಿನ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಬುಡದತ್ತ ಸಾಗುತ್ತದೆ. ಕತ್ತರಿಸಿದ ಬುಡದಲ್ಲಿ ಅದು ಶೇಖರವಾದಾಗ ಅಲ್ಲಿನ ಜೀವಕೋಶಗಳು ಬೇರಾಗತೊಡಗುತ್ತವೆ. ನಾವು ಕಡ್ಡಿಯನ್ನು ಹೇಗೆ ನಿಲ್ಲಿಸಿದರೂ ತನ್ನ ಬುಡ ಯಾವುದೆಂಬುದನ್ನು ಅದು ಮರೆಯುವುದಿಲ್ಲ. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ನಾಲ್ಕು ಒಣಕಡ್ಡಿಗಳಿಂದ ಮಕ್ಕಳಿಗೆ ಹೆಚ್ಚು ತಿಳಿಯಿತು.

ನೆಟ್ಟಗೆ ನೆಟ್ಟ ಇಪ್ಪತ್ತರಲ್ಲಿ ಹನ್ನೊಂದು ಚಿಗುರಿದವು. ಆಗಸ್ಟ್‌ನಲ್ಲಿ ಮರ ಉರುಳಿತು. ಆ ದಿನ ಗರಗಸದ ಸದ್ದಿನಲ್ಲಿ ಪಾಠ ನಡೆಯಲಿಲ್ಲ.

ಮರುವಾರ ಕುಂಡಗಳಿಗೆ ಚೀಟಿ ಅಂಟಿಸುವಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ವಯಸ್ಸು ಎಷ್ಟೂಂತ ಬರೀಲಿ? ಎರಡು ತಿಂಗಳಾ, ಮರದ್ದಾ?" ಇಂಥ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ಬೀಜದಿಂದ ಹುಟ್ಟಿದ್ದು ಹೊಸ ಗಿಡ, ಅದರಲ್ಲಿ ತಾಯಿಯ ಪಾಲೂ ಇದೆ, ತಂದೆಯ ಪಾಲೂ ಇದೆ. ಕಡ್ಡಿಯಿಂದ ಬೆಳೆದದ್ದು ಅದೇ ಮರ, ಅವೇ ವಂಶವಾಹಿಗಳು. ಕುಂಡ ಹನ್ನೊಂದು, ಮರ ಒಂದೇ. ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯಿಂದ ಶ್ರೀಲಂಕಾಕ್ಕೆ ಒಯ್ದದ್ದು ಬೀಜವನ್ನಲ್ಲ, ಅರಳಿಯ ಕೊಂಬೆಯನ್ನು ಎಂದು ಅಲ್ಲಿನ ಬೌದ್ಧ ಪರಂಪರೆ ಹೇಳುತ್ತದೆ. ಹಟಮಾರಿ ಅರಳಿಯೇ! ಅನುರಾಧಪುರದಲ್ಲಿ ಆ ಮರಕ್ಕೆ ಇಂದೂ ಪೂಜೆ ನಡೆಯುತ್ತದೆ. ಬೋಧಗಯೆಯ ಮೂಲಮರ ಎಂದೋ ಹೋಯಿತು. ಈಗ ಅಲ್ಲಿರುವುದು 19ನೇ ಶತಮಾನದಲ್ಲಿ ನೆಟ್ಟದ್ದು.

ಹಾಗಾದರೆ ನಾವು ಮರ ಉಳಿಸಿದೆವೇ? ಹಾಗೆಂದು ಹೇಳಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಆಲದ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಮಡಿಚಿಕೊಂಡ ಹೂಗೊಂಚಲು. ಅದರ ಪರಾಗಸ್ಪರ್ಶಕ್ಕೆ ಯುಪ್ರಿಸ್ಟಿನ ಮೇಸೋನಿ ಎಂಬ ಪುಟ್ಟ ಕಣಜವೇ ಬರಬೇಕು. ಆ ಕಣಜ ಮೊಟ್ಟೆ ಇಡಲು ಈ ಹೂಗಳೇ ಬೇಕು. ಹಣ್ಣಾದರೆ ಕುಟ್ರುಹಕ್ಕಿ, ಬಾವಲಿ, ಅಳಿಲುಗಳಿಗೆ ಊಟ. ಗೇಟಿನೆದುರು ಇದೆಲ್ಲ ಇತ್ತು. ಅಡಿ ಎತ್ತರದ ಕುಂಡ ತೋರಿಸಿ, ಮರ ಹೋದರೇನಂತೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು ಮಾತು: ಹನ್ನೊಂದೂ ಒಂದೇ ಮರವಾದ್ದರಿಂದ, ಒಂದನ್ನು ಕೆಡವುವ ರೋಗ ಉಳಿದವನ್ನೂ ಕೆಡವಬಹುದು. ಅದಕ್ಕೇ ನೀರಿನ ಟ್ಯಾಂಕಿನ ಬಿರುಕುಗಳಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದ ಆಲದ ಸಸಿಗಳನ್ನೂ ಹುಷಾರಾಗಿ ಕಿತ್ತು ತಂದೆವು. ಅವುಗಳಿಗೆ ಬೇರೆ ಬಣ್ಣದ ಚೀಟಿ.

ಕಡ್ಡಿಯ ಗಿಡಗಳಲ್ಲಿ ಏಳು ಈಗ ಕೆರೆ ಏರಿಯ ಕೆಳಗಿವೆ. ಎತ್ತರದಲ್ಲಿ ನನ್ನನ್ನು ಮೀರಿವೆ. ಮೂರು ಮಕ್ಕಳ ಮನೆಗೆ ಹೋದವು. ಮನೆಯಲ್ಲಿ ಆಲ ಇಡಬಾರದೆಂದು ಒಬ್ಬ ತಾಯಿ ಅದನ್ನು ದೇವಸ್ಥಾನದ ಅಂಗಳದಲ್ಲಿ ನೆಡಿಸಿದರಂತೆ. ಸಂತೋಷವೇ ಆಯಿತು, ಮರಕ್ಕೆ ಜಾಗ ಸಿಕ್ಕಿತು.

ಹನ್ನೊಂದನೆಯದು ಪ್ರಯೋಗಾಲಯದ ಕಿಟಕಿಯ ಹೊರಗೆ ತಟ್ಟೆಯಲ್ಲಿದೆ. ಆಲದ ಎಲೆ ದೊಡ್ಡದು, ತಟ್ಟೆಗೆ ಹೊಂದುವುದಿಲ್ಲ. ಗಿಡ ಗಟ್ಟಿಯಾಗಿದ್ದಾಗ ಎಲೆಗಳನ್ನೆಲ್ಲ ಒಮ್ಮೆ ಕತ್ತರಿಸಿದರೆ ಹೊಸವು ಸ್ವಲ್ಪ ಚಿಕ್ಕದಾಗಿ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಬೇರು ಕತ್ತರಿಸಿ ಮಣ್ಣು ಬದಲಿಸುತ್ತೇವೆ. ಬರುವ ಜೂನ್‌ಗೆ ಮತ್ತೆ ಸರದಿ. ಆಗ ಸವರುವ ಕೊಂಬೆಗಳಿಗಾಗಿ ಎಂಟನೇ ತರಗತಿಯ ಒಂಬತ್ತು ಮಂದಿ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಸಿಗುವ ಕಡ್ಡಿ ಐದೋ ಆರೋ ಇರಬಹುದು.